ಯಾವತ್ತು ಹೋಗ್ತಾರೆ?

ಬಿದಿರಹಳ್ಳ, ಹನೂರು ಹತ್ತಿರ
೩-೧-೨೦೦೧

ಅಪ್ಪಾಜಿಗೆ ರಮಾಮಣಿಯ ಶರಣು.

ಕೊನೆಗೂ ಆ ಡ್ಯೂಟಿ ನನ್ನ ಕುತ್ತಿಗೆಗೂ ಬಂತು. ಫೆಬ್ರವರಿ ಒಂಬತ್ತರಿಂದ ಇಪ್ಪತ್ತೆಂಟರವರೆಗೆ ಜನಗಣತಿ. ನಮ್ಮ ಶಾಲೆಯಲ್ಲಿ ಇರುವುದೇ ಇಬ್ಬರು ಶಿಕ್ಷಕರು, ಇಬ್ಬರನ್ನೂ ಹಾಕಿದ್ದಾರೆ. ಅರವತ್ತೊಂದು, ಎಪ್ಪತ್ತೊಂದು, ಎಂಬತ್ತೊಂದು ಎಂದು ಮೂರು ಗಣತಿ ಮುಗಿಸಿದ ರುದ್ರಸ್ವಾಮಿ ಮೇಷ್ಟ್ರ ಮಗಳಿಗೆ ಇದೇನು ಮಹಾ ಎಂದು ನೀವು ನಗಬಹುದು. ಆದರೆ ಕೊಳ್ಳೇಗಾಲದ ತರಬೇತಿಯಲ್ಲಿ ಸಾಹೇಬರು ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರು, ನಾನು ಮೂರನೆಯ ಪುಟಕ್ಕೇ ತೂಕಡಿಸಿದೆ. ಹಾಗಾಗಿ ಪುಸ್ತಕದಲ್ಲಿಲ್ಲದ್ದನ್ನು ನೀವೇ ಹೇಳಿಕೊಡಬೇಕು.

ಫೋನಿನಲ್ಲಿ ಕೇಳಬಹುದಿತ್ತು. ಆದರೆ ಅಣ್ಣನ ಮನೆಯ ಹಾಲಿನಲ್ಲಿ ನಿಂತು ನೀವು "ಹೂಂ, ಚೆನ್ನಾಗಿದ್ದೀನಿ, ಇಡ್ಲಾ?" ಎನ್ನುವುದು ಬಿಟ್ಟರೆ ಮತ್ತೊಂದು ಮಾತು ಆಡುವುದಿಲ್ಲ. ಕಾಗದದಲ್ಲಿಯಾದರೆ ನಿಮ್ಮ ಬಾಯಿ ಕಟ್ಟುವವರು ಯಾರೂ ಇಲ್ಲ.

ಒಂದು ಸಂಗತಿ ನನ್ನ ತಲೆಯಲ್ಲಿ ಕೊರೆಯುತ್ತಿದೆ. ಕಳೆದ ಬೇಸಿಗೆಯಲ್ಲಿ ಮನೆಗಳಿಗೆ ನಂಬರು ಹಾಕಲು ಹೋದಾಗ ನೂರ ಹದಿನೆಂಟು ಮನೆಗಳಲ್ಲಿ ಇಪ್ಪತ್ತಮೂರಕ್ಕೆ ಬೀಗ ಇತ್ತು. ಬೀಗ ಹಾಕಿದ ಮನೆಗಳ ಮುಂದೆಯೂ ನೀರು ಹಾಕಿ ರಂಗೋಲಿ ಬಿಟ್ಟಿದ್ದರು! ಯಾರು ಬಿಟ್ಟದ್ದು ಎಂದರೆ ಪಕ್ಕದ ಮನೆಯವರು. ಯಾಕೆ ಎಂದರೆ, "ಬತ್ತಾರಲ್ಲ ಮೇಡಂ, ಮೈಸೂರ್ಗೋಗವ್ರೆ ಅಷ್ಟೇಯ" ಎಂದರು. ನಮ್ಮ ಹಾಜರಾತಿ ಪುಸ್ತಕದಲ್ಲಿ ನಾಲ್ಕು ವರ್ಷದ ಹಿಂದೆ ಎಪ್ಪತ್ತೆರಡು ಮಕ್ಕಳಿದ್ದರು, ಈಗ ನಲವತ್ತೊಂದು. ಬರುವವರು ಯಾವಾಗ ಬರುತ್ತಾರೋ ನನಗಂತೂ ಗೊತ್ತಾಗುತ್ತಿಲ್ಲ.

ಮಂಡಿ ನೋವು ಹೇಗಿದೆ? ಬರೆಯಿರಿ.

ನಿಮ್ಮ ಮಗಳು
ರಮಾಮಣಿ


ಯಾದವಗಿರಿ, ಮೈಸೂರು
೯-೧-೨೦೦೧

ಮಗಳೇ ರಮಾ,

ಮಂಡಿಯ ಸುದ್ದಿ ಬಿಡು, ಗಣತಿಯ ಸುದ್ದಿ ಕೇಳು. ಮೊದಲನೆಯದು, ಯಾರನ್ನೂ ನೇರವಾಗಿ ವಯಸ್ಸು ಕೇಳಬೇಡ. ಕೇಳಿದರೆ ಊರಿಗೆ ಊರೇ ನಲವತ್ತು, ಐವತ್ತು, ಅರವತ್ತು ಎಂದು ಗುಂಡಗೆ ಹೇಳುತ್ತದೆ. ಐವತ್ತಮೂರು ವಯಸ್ಸಿನ ಮನುಷ್ಯ ಈ ದೇಶದಲ್ಲಿ ಹುಟ್ಟಿಯೇ ಇಲ್ಲವೇನೋ ಎಂದು ನನಗೆ ಬಹಳ ಕಾಲ ಅನುಮಾನವಿತ್ತು. ದೊಡ್ಡ ಬರ ಬಂದಾಗ ನಿಂಗೆ ಹಲ್ಲು ಬಿದ್ದಿತ್ತಾ, ಮೀಸೆ ಬಂದಿತ್ತಾ ಎಂದು ಕೇಳು. ಎರಡನೆಯದು, ಮೊದಲ ಐದು ಮನೆಗಳಲ್ಲಿ ಮಜ್ಜಿಗೆ ಕುಡಿಯಬೇಡ. ಆರನೆಯ ಮನೆಯ ಹೊತ್ತಿಗೆ ಯಾಕೆಂದು ನಿನಗೇ ತಿಳಿಯುತ್ತದೆ, ಹೆಂಗಸರಿಗಂತೂ ಬೇಗ ತಿಳಿಯುತ್ತದೆ. ಮೂರನೆಯದು, ಊರು ಬಿಟ್ಟು ಬಂದ ಕಾರಣದ ಕಾಲಂ ಇದೆಯಲ್ಲ, ಅಲ್ಲಿ ನಿಧಾನ ಮಾಡು. ಗಂಡಸು ಊರು ಬಿಟ್ಟರೆ ಕೆಲಸ, ವ್ಯಾಪಾರ, ಓದು ಎಂದು ಹತ್ತು ಕಾರಣ ಹೇಳುತ್ತಾನೆ. ಹೆಂಗಸಿನ ಪರವಾಗಿ ಮನೆಯವರೇ "ಮದುವೆ" ಎಂದು ಹೇಳಿ ಮುಗಿಸಿಬಿಡುತ್ತಾರೆ. ಆಮೇಲೆ ಆಕೆ ಇಪ್ಪತ್ತು ವರ್ಷ ಏನು ಮಾಡಿದಳು ಎಂದು ಬರೆಯಲು ಜಾಗವಿಲ್ಲ.

ನಾನು ಇಲ್ಲಿಗೆ ಬಂದು ಎರಡು ತಿಂಗಳಾಯಿತು. ನವೆಂಬರಿನಿಂದ ಏಪ್ರಿಲ್‌ವರೆಗೆ ಮೈಸೂರಿನ ಸರದಿ, ಮೇ ತಿಂಗಳಿಂದ ನಿನ್ನ ತಮ್ಮ ಶಿವಪ್ರಕಾಶನ ತುಮಕೂರು. ನಿಮ್ಮಮ್ಮ ಹೋಗಿ, ಅಗ್ರಹಾರದ ಬಾಡಿಗೆ ಮನೆ ಬಿಟ್ಟಾಗಿನಿಂದ ನಡೆದುಬಂದ ಪದ್ಧತಿ ಇದು, ಹೈಕೋರ್ಟಿಗೆ ರಜೆ ತಪ್ಪಿದರೂ ಇದು ತಪ್ಪುವುದಿಲ್ಲ. ಈ ಸಲ ಮೊಮ್ಮಗಳು ಚೈತನ್ಯಳಿಗೆ ಓದಲು ಕೆಳಗಿನ ಕೋಣೆ ಬೇಕಾಯಿತು, ನಾನು ಟೆರೇಸಿನ ರೂಮಿಗೆ ಹತ್ತಿದ್ದೇನೆ. ಗಾಳಿ ಚೆನ್ನಾಗಿದೆ.

ಬೆಳಗಿನ ವಾಕಿಂಗಿನಲ್ಲಿ ನನಗೂ ಒಂದು ಎಣಿಕೆ ಸಿಕ್ಕಿದೆ. ನಮ್ಮ ರಸ್ತೆಯಲ್ಲಿ ಹದಿನಾಲ್ಕು ಬಂಗಲೆಗಳು. ಒಂಬತ್ತರಲ್ಲಿ ಇರುವವರೆಲ್ಲ ನನ್ನ ಓರಗೆಯವರು. ಆ ಒಂಬತ್ತು ಮನೆಗಳಿಗೆ ಪಾತ್ರೆ ತೊಳೆಯಲು, ಅಡುಗೆ ಮಾಡಲು, ಗೇಟು ಕಾಯಲು, ಕೈ ಹಿಡಿದು ನಡೆಸಲು ಪ್ರತಿದಿನ ಇಪ್ಪತ್ತೊಂದು ಜನ ಬರುತ್ತಾರೆ. ಎಲ್ಲಿಂದ ಎಂದು ವಿಚಾರಿಸಿದರೆ ರಾಜೀವನಗರ, ಅದರಾಚೆಯ ಬಡಾವಣೆಗಳು. ಅಲ್ಲಿಗೆ ಎಲ್ಲಿಂದ ಬಂದಿರಿ ಎಂದರೆ ನಿನ್ನ ಹನೂರು, ಕೊಳ್ಳೇಗಾಲ, ಬಂಡಳ್ಳಿ! ನಿನ್ನ ಬೀಗದ ಮನೆಗಳವರು ಇಲ್ಲಿ ನಮ್ಮ ಗೇಟು ತೆಗೆಯುತ್ತಿದ್ದಾರೆ ಕಣೇ. ಕುತೂಹಲದ ಸಂಗತಿ ಅಲ್ಲವೇ?

ಆಶೀರ್ವಾದಗಳೊಂದಿಗೆ
ಅಪ್ಪ


ಬಿದಿರಹಳ್ಳ
೧೨-೨-೨೦೦೧

ಅಪ್ಪಾಜಿ, ಶರಣು.

ಮೂರು ದಿನದಲ್ಲಿ ಮೂವತ್ತೊಂದು ಮನೆ ಮುಗಿಸಿದೆ. ಮಜ್ಜಿಗೆಯ ವಿಷಯದಲ್ಲಿ ನಿಮ್ಮ ಮಾತು ಮೀರಿದೆ, ಪಶ್ಚಾತ್ತಾಪಪಟ್ಟೆ. ವಯಸ್ಸಿನ ವಿಷಯದಲ್ಲಿ ಪಾಲಿಸಿದೆ, ಗೆದ್ದೆ. ಅರವತ್ತು ಎಂದು ಬರೆಸಲು ಬಂದ ಒಬ್ಬರನ್ನು ಎಪ್ಪತ್ತೊಂದಕ್ಕೆ ಏರಿಸಿದ್ದೇನೆ. ಅವರು ಖುಷಿಯಾಗಿ ಹೆಂಡತಿಯನ್ನು ಕರೆದು ತೋರಿಸಿದರು.

ಈಗ ನಿಮ್ಮಿಂದ ಒಂದು ಕೆಲಸವಾಗಬೇಕು. ನಮ್ಮ ಶಾಲೆಯ ಹಿಂದಿನ ಬೀಗದ ಮನೆ ಪುಟ್ಟಮಾದಮ್ಮ ಎನ್ನುವವರದು. ಒಂಟಿ ಹೆಂಗಸು. ನಾನಿಲ್ಲಿಗೆ ಬಂದ ಹೊಸದರಲ್ಲಿ ದಿನಾ ನನಗೆ ಸೊಪ್ಪು ಕೊಟ್ಟವರು. "ಎಲ್ಲವರೆ?" ಎಂದರೆ ಪಕ್ಕದವರು, "ಮಗನ್ ಮನೆಗೆ ಓಗವ್ಳೆ, ಇವತ್ತೋ ನಾಳೆಯೋ ಬತ್ತಾಳೆ, ಬರ್ಕಳಿ ಮೇಡಂ" ಎನ್ನುತ್ತಾರೆ. ಅವರ ಪ್ರಕಾರ ಆಕೆ ಹೋಗಿ ಹದಿನೈದು ದಿನ. ನನ್ನ ಲೆಕ್ಕದಲ್ಲಿ ಮೂರು ವರ್ಷದಿಂದ ನಾನು ಸೊಪ್ಪು ಕೊಂಡು ತಿನ್ನುತ್ತಿದ್ದೇನೆ. ಇಲ್ಲದವರನ್ನು ಇದ್ದಾರೆ ಎಂದು ನಾನು ಬರೆಯುವಂತಿಲ್ಲ. ಬಿಟ್ಟರೆ, ಅಲ್ಲಿ ಬರೆದುಕೊಂಡಿದ್ದಾರೋ ಇಲ್ಲವೋ ಎನ್ನುವ ಅನುಮಾನ.

ಮಗ ಮಹದೇವು, ಗಾರೆ ಕೆಲಸ. ರಾಜೀವನಗರದಲ್ಲಿ ಇದ್ದಾನಂತೆ. ವಿಳಾಸ ಸಿಕ್ಕಿದೆ, ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ನೀವು ಸುಮ್ಮನೆ ಕೂರುವವರಲ್ಲ, ಗೊತ್ತು. ಆದರೆ ಆಟೋದಲ್ಲಿ ಹೋಗಿ, ಬಸ್ಸಿನಲ್ಲಿ ಜೋತಾಡಬೇಡಿ.

ರಮಾಮಣಿ


ಯಾದವಗಿರಿ
೧೬-೨-೨೦೦೧

ಮಗಳೇ,

ಬಸ್ಸಿನಲ್ಲೇ ಹೋದೆ. ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಬದಲಾಯಿಸಿ, ರಾಜೀವನಗರದಲ್ಲಿ ಇಳಿದು, ಒಂದೇ ಅಡ್ಡರಸ್ತೆಯನ್ನು ಮೂರು ಸಲ ಸುತ್ತಿದೆ. ನಾನು ಮೇಷ್ಟ್ರಾಗಿದ್ದಾಗ ಆ ಕಡೆ ಹುಚ್ಚೆಳ್ಳಿನ ಹೊಲ ಇತ್ತು. ಈಗ ಒಂದು ಮನೆಯ ಮೆಟ್ಟಿಲು ಇಳಿದರೆ ಇನ್ನೊಂದು ಮನೆಯ ಬಾಗಿಲು. ಬೀಡಿ ಕಟ್ಟುವವರು, ಊದುಬತ್ತಿ ಹೊಸೆಯುವವರು, ಬುರ್ಖಾ ಹೊಲಿಯುವವರು, ಎಲ್ಲರೂ ನಿನ್ನ ಚೀಟಿ ನೋಡಿ ದಾರಿ ಹೇಳಿದರು. ಎಲ್ಲರ ದಾರಿಯೂ ಬೇರೆ ಬೇರೆ.

ಪುಟ್ಟಮಾದಮ್ಮ ಸಿಕ್ಕಿದರು. ಶೀಟಿನ ಮನೆ. ಮಗ ರಿಂಗ್ ರೋಡಿನಾಚೆ ಹೊಸ ಬಡಾವಣೆಯಲ್ಲಿ ಗಾರೆ ಕೆಲಸಕ್ಕೆ, ಸೊಸೆ ಊದುಬತ್ತಿ ಪ್ಯಾಕಿಂಗಿಗೆ. ಎರಡು ಮಕ್ಕಳನ್ನು ಇಟ್ಟುಕೊಂಡು ಈಕೆ ಮನೆಯಲ್ಲಿ. ಬಂದು ಎಷ್ಟು ದಿನ ಆಯ್ತವ್ವ ಎಂದೆ.

"ಈಗ್ ಬಂದ್ಬುಟ್ಟೆ ಕಣ್ ಸ್ವಾಮಿ. ಈ ಕೂಸು ಉಟ್ದಾಗ."

ಆ ಕೂಸು ನನ್ನ ಚೀಲದಿಂದ ಬಾಳೆಹಣ್ಣು ತೆಗೆದು ತಾನೇ ಸುಲಿದು ತಿನ್ನುತ್ತಿತ್ತು. ಮೂರೂವರೆ ವರ್ಷದ್ದು!

ಗಣತಿಯವರು ಬಂದಿದ್ದರಾ ಎಂದರೆ ಬಂದಿದ್ದರಂತೆ. ಸೊಸೆ ನಾಲ್ಕು ಹೆಸರು ಬರೆಸಿ, ಈಕೆಯನ್ನು ತೋರಿಸಿ "ಅವ್ವ ಬಂದವ್ಳೆ" ಎಂದಳಂತೆ. ಅಷ್ಟೇ. ಗಣತಿಯ ಮೇಡಂ ಮುಂದಿನ ಮನೆಗೆ ಹೋದರು. ಊರಿನಲ್ಲಿ "ಹೋಗಿದ್ದಾಳೆ", ಇಲ್ಲಿ "ಬಂದಿದ್ದಾಳೆ". ಎಲ್ಲಿಯೂ "ಇದ್ದಾಳೆ" ಇಲ್ಲ. ಬಂದವರು ಎಂದರೆ ನೆಂಟರು, ನೆಂಟರನ್ನು ಬರೆಯುವುದು ಬೇಡ ಎಂದು ಆ ಮೇಡಂ ತಿಳಿದಿದ್ದಾರೆ. ಇದೇ ತಪ್ಪು. ಕೈಪಿಡಿ ತೆಗೆದು ನೋಡು. ನೆಂಟರೇ ಆಗಲಿ, ಗಣತಿಯ ಇಪ್ಪತ್ತು ದಿನವೂ ಸ್ವಂತ ಮನೆಗೆ ಹೋಗದೆ ಇಲ್ಲೇ ಉಂಡು ಮಲಗಿದರೆ ಇಲ್ಲೇ ಬರೆಯಬೇಕು. ಅದಕ್ಕೆ ನಾನು ಒಂದು ಪ್ರಶ್ನೆ ಇಟ್ಟುಕೊಂಡಿದ್ದೆ. ಯಾರಾದರೂ "ಬಂದಿದ್ದಾರೆ" ಎಂದ ಕೂಡಲೇ "ಯಾವತ್ತು ಹೋಗ್ತಾರೆ?" ಎಂದು ಕೇಳಬೇಕು. ತಾರೀಖು ಹೇಳಿದರೆ ನೆಂಟರು. ಮುಖ ಮುಖ ನೋಡಿಕೊಂಡರೆ ಹೆಸರು ಬರೆದುಕೋ.

ಪುಟ್ಟಮಾದಮ್ಮನಿಗೂ ಕೇಳಿದೆ, ಯಾವತ್ತು ಹೋಗ್ತೀರಿ ಅಂತ. "ಇವ್ಳು ಇಸ್ಕೂಲ್ಗೆ ಸೇರುದ್ಮೇಲೆ ಓಯ್ತೀನಿ ಅನ್ಕಂಡಿದ್ದೆ ಕಣಪ್ಪ, ಅಷ್ಟೊತ್ಗೆ ಇನ್ನೊಂದಾಯ್ತು" ಎಂದರು. ನೋಡು ರಮಾ, ಆಕೆ ಬರದಿದ್ದರೆ ಸೊಸೆ ಕೆಲಸಕ್ಕೆ ಹೋಗುವಂತಿಲ್ಲ, ಸೊಸೆ ಹೋಗದಿದ್ದರೆ ಬಾಡಿಗೆ ಕಟ್ಟುವಂತಿಲ್ಲ. ಊರು ಬಿಟ್ಟು ಬಂದ ಕಾರಣ ಏನೆಂದು ಬರೆಯುತ್ತೀಯ? ಮದುವೆಯೂ ಅಲ್ಲ, ಕೆಲಸವೂ ಅಲ್ಲವಂತೆ! "ಇತರೆ" ಎಂದು ಬರೆಯಬೇಕು.

ಆ ಮೇಡಂ ಎಲ್ಲಿದ್ದಾರೆಂದು ಹುಡುಕಿಕೊಂಡು ನಾಲ್ಕು ಬೀದಿ ನಡೆದೆ. ಪಾಪ, ಒಳ್ಳೆಯ ಹುಡುಗಿ. ವಾದ ಮಾಡದೆ ನನ್ನ ಜೊತೆಗೇ ಬಂದು ಬರೆದುಕೊಂಡಳು. ಪುಟ್ಟಮಾದಮ್ಮ, ಅರವತ್ನಾಲ್ಕು. ನಿನ್ನ ಪಟ್ಟಿಯಿಂದ ಧೈರ್ಯವಾಗಿ ಬಿಡು.

ಅಪ್ಪ


ಬಿದಿರಹಳ್ಳ
೨೦-೨-೨೦೦೧

ಅಪ್ಪಾಜಿ,

ನಿಮ್ಮ ಕಾಗದವನ್ನು ಶಾಲೆಯಲ್ಲಿ ಗಟ್ಟಿಯಾಗಿ ಓದಿದೆ. ನಮ್ಮ ಹೆಡ್ಮೇಷ್ಟ್ರು ಎರಡು ಸಲ ಓದಿಸಿಕೊಂಡರು. ನೀವು ಹೇಳಿದ ಪ್ರಶ್ನೆ ಹಿಡಿದು ಈ ಮೊದಲು ಮುಗಿಸಿದ ಮನೆಗಳಿಗೂ ವಾಪಸ್ಸು ಹೋದೆ. ಮೂರು ಜನ ಸಿಕ್ಕಿದರು!

ಅದರಲ್ಲಿ ಮರಿಯಯ್ಯ ಎಂಬ ಅಜ್ಜನ ಕಥೆ ಕೇಳಿ. ಅಕ್ಕನ ಮಗನ ಮನೆಯಲ್ಲಿದ್ದಾರೆ. ಮೊದಲ ಸಲ ಹೋದಾಗ ಮನೆಯಾಕೆ "ಮಾವ ಬಂದವ್ರೆ" ಎಂದಿದ್ದರು, ನಾನೂ ತಲೆ ಆಡಿಸಿ ಬಂದಿದ್ದೆ. ಈ ಸಲ ಯಾವತ್ತು ಹೋಗ್ತಾರೆ ಎಂದೆ. ಮನೆಯವರು ಮುಖ ಮುಖ ನೋಡಿಕೊಂಡರು. ಆಮೇಲೆ ಮೂಲೆಯಲ್ಲಿ ಹಗ್ಗ ಹೊಸೆಯುತ್ತಿದ್ದ ಮರಿಯಯ್ಯನೇ ತಲೆ ಎತ್ತಿ, "ನಾನೂ ಅದ್ನೇ ಕೇಳ್ಬೇಕು ಅಂತಿದ್ದೆ ಕಣವ್ವ, ಅನ್ನೊಂದ್ ವರ್ಸಾಯ್ತು" ಎಂದರು. ಎಲ್ಲರೂ ನಕ್ಕರು. ಮನೆಯಾಕೆ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ನಗು ತಡೆಯಲಾರದೆಯೋ ಅಳು ತಡೆಯಲಾರದೆಯೋ ನಾನು ನೋಡಲಿಲ್ಲ.

ನನಗೊಂದು ಕುತೂಹಲ. ನಿಮ್ಮ ಮನೆಗೆ ಗಣತಿಗೆ ಬಂದವರು ಯಾರು? ನಿಮ್ಮನ್ನು ಬರೆದುಕೊಳ್ಳುವಾಗ ಎಷ್ಟು ತಪ್ಪು ಮಾಡಿದರು? ನೀವು ಪಕ್ಕದಲ್ಲಿ ನಿಂತು ಕೆಂಪು ಪೆನ್ನಿನಲ್ಲಿ ತಿದ್ದಿರಬೇಕು. ಪಾಪ ಅವರ ಗತಿ! ಎಲ್ಲ ವಿವರವಾಗಿ ಬರೆಯಿರಿ.

ರಮಾಮಣಿ


ಯಾದವಗಿರಿ
೨೨-೨-೨೦೦೧

ರಮಾ,

ಶಿವರಾತ್ರಿ ಆಯಿತು. ನಿನ್ನೆ ರಾತ್ರಿಯಿಡೀ ಎದ್ದಿರಲು ಆಗಲಿಲ್ಲ, ಪೂಜೆ ಮುಗಿಸಿ ಮಲಗಿಬಿಟ್ಟೆ. ಇಲ್ಲಿ ಬಿಸಿಲು ಜೋರಾಗುತ್ತಿದೆ. ಮರಿಯಯ್ಯನ ಮಾತು ಚೆನ್ನಾಗಿದೆ. ಚೈತನ್ಯಳ ಪರೀಕ್ಷೆ ಹತ್ತಿರ ಬಂತು. ಎಲ್ಲರೂ ಕ್ಷೇಮ.

ಅಪ್ಪ


ಬಿದಿರಹಳ್ಳ
೨೪-೨-೨೦೦೧

ಅಪ್ಪಾಜಿ,

ಪೋಸ್ಟ್‌ಕಾರ್ಡ್ ಬಂತು. ಆರು ಸಾಲು. ಹಾಲಿನಲ್ಲಿ ನಿಂತು ಫೋನಿನಲ್ಲಿ ಆಡುವ ಮಾತನ್ನೇ ಕಾಗದದ ಮೇಲೆ ಬರೆದಿದ್ದೀರಿ. ನಾನು ಕೇಳಿದ್ದಕ್ಕೆ ಉತ್ತರವಿಲ್ಲ.

ಅದಕ್ಕೇ ಇವತ್ತೇ ಹನೂರಿಗೆ ಹೋಗಿ ಬೂತಿನಿಂದ ಶಿವಪ್ರಕಾಶನಿಗೆ ಫೋನ್ ಮಾಡಿದೆ. ಅಪ್ಪನನ್ನು ಅಲ್ಲಿ ಬರೆಸಿದೆಯೇನೋ ಎಂದೆ. "ಇಲ್ವಲ್ಲ, ಅಪ್ಪ ಅಣ್ಣನ ಮನೆಗೆ ಹೋಗಿದ್ದಾರಲ್ಲಾ, ಅಲ್ಲಿ ಬರೆಸಿರ್ತಾರೆ ಬಿಡು" ಎಂದ. ಆಮೇಲೆ ಅತ್ತಿಗೆಗೆ ಮಾಡಿದೆ. ಅವರು ನಿಮ್ಮ ಹೆಸರೆತ್ತದೆ, ಗಣತಿಯವರು ಹದಿಮೂರನೆಯ ತಾರೀಖೇ ಬಂದು ಹೋದರು ಎಂದರು. ನಾನು ಮತ್ತೇನೂ ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ. ನೂರ ಎರಡು ಕೋಟಿಯೋ ನೂರ ಮೂರು ಕೋಟಿಯೋ ಆಗುತ್ತದೆಯಂತೆ ಈ ದೇಶ, ಅದರಲ್ಲಿ ನೀವು ಮಾತ್ರ ಇಲ್ಲ!

ನನಗೆ ಕೋಪ ಬಂದಿದೆ. ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿಲ್ಲ. ಹದಿಮೂರನೆಯ ತಾರೀಖು ನಿಮ್ಮನ್ನು ಬಿಟ್ಟು ಹೋದ ಮೇಲೂ ನೀವು ಬಸ್ಸು ಹತ್ತಿ ಹೋಗಿ ಪುಟ್ಟಮಾದಮ್ಮನನ್ನು ಬರೆಸಿ ಬಂದಿರಿ. ಎಷ್ಟು ಉತ್ಸಾಹದ ಕಾಗದ ಬರೆದಿರಿ! ನಾನು ಅದನ್ನು ಎಲ್ಲರಿಗೂ ಓದಿ ಹೇಳಿದೆನಲ್ಲ ಅಪ್ಪಾಜಿ.

ಈ ಕಾಗದ ಸಿಕ್ಕ ಕೂಡಲೇ ಇಲ್ಲಿಗೆ ಹೊರಟುಬನ್ನಿ. ಮಗಳ ಮನೆಯಲ್ಲಿ ಇರಬಾರದು ಎನ್ನುವ ನಿಮ್ಮ ಹಠವನ್ನು ಅಲ್ಲೇ ಬಿಟ್ಟು ಬನ್ನಿ. ನಮ್ಮತ್ತೆಯೇ "ಬೀಗರು ಬಂದಿರ್ಲಿ ಬುಡು, ನಂಗೂ ಮಾತಿಗಾಯ್ತದೆ" ಎಂದಿದ್ದಾರೆ. ಇಪ್ಪತ್ತೆಂಟರೊಳಗೆ ಬಂದರೆ ನಮ್ಮ ಮನೆಯ ಹಾಳೆಯಲ್ಲಿ ನಾನೇ ಬರೆಯುತ್ತೇನೆ. ನಿಯಮದ ಪುಸ್ತಕ ನನಗೆ ತೋರಿಸಬೇಡಿ.

ರಮಾಮಣಿ


ಯಾದವಗಿರಿ, ಮೈಸೂರು
೨೮-೨-೨೦೦೧

ರಮಾ,

ನಿಮ್ಮಣ್ಣ ಕಾಗದ ಬರೆಯುವವನಲ್ಲ, ನಿನಗೆ ಗೊತ್ತು. ಆದರೆ ಅಪ್ಪನಿಗೆ ಬುದ್ಧಿ ಹೇಳುವವರು ಈಗ ನೀನೊಬ್ಬಳೇ.

ಅಪ್ಪ ಬೇರೆ ಒಲೆ ಹೂಡಿದ್ದಾರೆ. ತಮಾಷೆ ಮಾಡುತ್ತಿಲ್ಲ. ಮೊನ್ನೆ ಬೆಳಿಗ್ಗೆ ಅಗ್ರಹಾರದ ಕಡೆ ಹೋಗಿ ಒಂದು ಸೀಮೆಎಣ್ಣೆ ಸ್ಟೌ, ಒಂದು ಪಾತ್ರೆ, ಎರಡು ಸೇರು ಅಕ್ಕಿ ತಂದು ಟೆರೇಸಿನ ರೂಮಿನಲ್ಲಿ ಅನ್ನಕ್ಕಿಟ್ಟರು. ಮೊದಲ ದಿನ ತಳ ಹತ್ತಿ ಇಡೀ ರಸ್ತೆಗೆ ವಾಸನೆ. ಎದುರು ಮನೆಯ ರಿಟೈರ್ಡ್ ಜಡ್ಜ್ ಬಂದು "ಏನ್ರೀ ಮಹಾಂತೇಶ್, ಮೇಲೆ ಬಾಡಿಗೆಗೆ ಕೊಟ್ರಾ?" ಎಂದು ಕೇಳಿದರು. ನಾನು ಯಾವ ಮುಖ ಇಟ್ಟುಕೊಂಡು ಏನು ಹೇಳಲಿ?

ಕೇಳಿದ್ದಕ್ಕೆ ಅಪ್ಪ ಶಾಂತವಾಗಿ ಹೇಳಿದರು: ಗಣತಿಯಲ್ಲಿ ಮನೆ ಎಂದರೆ ಗೋಡೆ ಅಲ್ಲವಂತೆ, ಒಲೆಯಂತೆ. ಒಂದು ಒಲೆಯಲ್ಲಿ ಬೇಯಿಸಿ ಉಣ್ಣುವವರೆಲ್ಲ ಒಂದು ಕುಟುಂಬ. ಒಲೆ ಬೇರೆಯಾದರೆ ಸೂರು ಒಂದೇ ಇದ್ದರೂ ಕುಟುಂಬ ಬೇರೆ. "ನಿನ್ನ ಕುಟುಂಬಕ್ಕೆ ನಾನು ಬಂದವನು, ನನ್ನ ಕುಟುಂಬಕ್ಕೆ ನಾನೇ ಯಜಮಾನ" ಎಂದರು. ಅಷ್ಟಕ್ಕೇ ಬಿಡಲಿಲ್ಲ. ನಮ್ಮ ರಸ್ತೆಯ ಗಣತಿಯ ಮೇಡಂ ಕೆಲಸ ಮಾಡುವ ಶಾಲೆಗೇ ಹೋಗಿ ಅವರನ್ನು ಕರೆತಂದರು. ಆಕೆ ಸ್ಟೌ ನೋಡಿ, ಕೈಪಿಡಿ ನೋಡಿ, ಹೊಸ ಹಾಳೆ ತೆಗೆದು ಬರೆದುಕೊಂಡು ಹೋದಳು. ಯಜಮಾನ ರುದ್ರಸ್ವಾಮಿ. ಒಟ್ಟು ಜನ ಒಂದು.

ಹದಿಮೂರನೆಯ ತಾರೀಖು ನಡೆದದ್ದು ಇಷ್ಟೇ. ನಾನು ಆಫೀಸಿನಲ್ಲಿದ್ದೆ. ನಿಮ್ಮತ್ತಿಗೆ ಪ್ರೇಮಲೀಲಾ ನಮ್ಮ ಮೂವರ ಹೆಸರು ಬರೆಸಿದಳು. ಮೇಲೆ ಯಾರು ಎಂದಾಗ "ನಮ್ಮ ಮಾವ, ಬಂದಿದ್ದಾರೆ" ಎಂದಳು. ಅಪ್ಪ ಮೆಟ್ಟಿಲ ಮೇಲೆ ಪೇಪರ್ ಹಿಡಿದುಕೊಂಡು ನಿಂತಿದ್ದರಂತೆ. ಅಲ್ಲೇ ಒಂದು ಮಾತು ಹೇಳಬಾರದಿತ್ತೇ? ಒಂದು ಹೆಸರು ತಾನೇ, ಅದರಿಂದ ಯಾರ ಗಂಟು ಹೋಗುತ್ತಿತ್ತು? ಈಗ ಪ್ರೇಮಲೀಲಾ ಮೂರು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಅಪ್ಪ ಮೇಲೆ ಸೀದ ಅನ್ನಕ್ಕೆ ಉಪ್ಪಿನಕಾಯಿ ಕಲೆಸಿಕೊಂಡು ತಿನ್ನುತ್ತಿದ್ದಾರೆ. 

ಏನಾದರೂ ಮಾಡು.

ಮಹಾಂತೇಶ್


ಯಾದವಗಿರಿ
೭-೩-೨೦೦೧

ಮಗಳೇ ರಮಾ,

ನಿನ್ನ ಸಿಟ್ಟಿನ ಕಾಗದ ಇಪ್ಪತ್ತೇಳರಂದು ಕೈಸೇರಿತು. ಬಸ್ಸಿಗೆ ಸಮಯವಿತ್ತು. ಆದರೆ ಆ ಹೊತ್ತಿಗೆ ನಾನು ಸ್ಟೌ ಹೊತ್ತಿಸಿಯಾಗಿತ್ತು. ಮಹಾಂತೇಶ ನಿನಗೆ ಬರೆದಿದ್ದಾನೆಂದು ಅವನೇ ಹೇಳಿದ. ಅವನು ಬರೆದದ್ದು ಪೂರ್ತಿ ನಿಜ, ಸೀದ ಅನ್ನವೂ ಸೇರಿ.

ಆ ಹಾಳೆಯಲ್ಲಿ ನನ್ನ ಹೆಸರು ಬಿದ್ದ ದಿನ ಬಹಳ ಹೆಮ್ಮೆಯಾಗಿತ್ತು. ಗೆದ್ದೆ ಎಂದುಕೊಂಡೆ. ಎರಡನೆಯ ತಾರೀಖು ಮಧ್ಯಾಹ್ನ ಪ್ರೇಮಲೀಲಾ ಮೆಟ್ಟಿಲು ಹತ್ತಿ ಬಂದಳು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತಳು. ಆ ಹುಡುಗಿ ಈ ಮನೆ ಸೇರಿ ಇಪ್ಪತ್ತೊಂದು ವರ್ಷ, ನನ್ನೆದುರು ದನಿ ಎತ್ತಿದವಳಲ್ಲ. ಅವತ್ತೂ ಎತ್ತಲಿಲ್ಲ.

"ಮಾವ, ನಾನು ಸುಳ್ಳು ಹೇಳಲಿಲ್ಲ. ನೀವು ಹೇಳೋದನ್ನೇ ಹೇಳ್ದೆ. ಹಾಲಿನವನು ಕೇಳಿದ್ರೂ, ಜಡ್ಜ್ ಸಾಹೇಬ್ರು ಕೇಳಿದ್ರೂ 'ಮಗನ ಮನೆಗೆ ಬಂದಿದ್ದೀನಿ' ಅಂತಲೇ ಅಂತೀರಿ. ಐದು ವರ್ಷದಿಂದ ನಿಮಗೆ ಅಂತ ಕೆಳಗಡೆ ಬೀರುವಲ್ಲಿ ಒಂದು ಖಾನೆ ಖಾಲಿ ಇಟ್ಟಿದ್ದೀನಿ. ಒಂದು ಪಂಚೆನಾದ್ರೂ ತೆಗೆದಿಟ್ರಾ? ಟ್ರಂಕಿಂದ ತೆಗೀತೀರಿ, ಒಗೆದ್ಮೇಲೆ ಟ್ರಂಕಿಗೇ ಹಾಕ್ತೀರಿ. ಊಟಕ್ಕೆ ಏನ್ ಮಾಡ್ಲಿ ಅಂದ್ರೆ 'ನಿಮಗೆ ಏನು ಮಾಡ್ಕೊಂಡಿರ್ತೀರೋ ಅದೇ ಸಾಕಮ್ಮ' ಅಂತೀರಿ. ನಾನು ಏನಂತ ಬರೆಸಬೇಕಿತ್ತು ಹೇಳಿ?" ಎಂದಳು.

ನಾನು ಮೂರು ಗಣತಿಯಲ್ಲಿ ನೂರಾರು ಮನೆಗಳಲ್ಲಿ ಪ್ರಶ್ನೆ ಕೇಳಿದವನು. ಅವತ್ತು ಕೇಳಿದವಳು ಅವಳು. ಅವಳು ಇಳಿದು ಹೋದ ಮೇಲೆ ನನಗೆ ನೆನಪಾದದ್ದು ಪುಟ್ಟಮಾದಮ್ಮನಲ್ಲ, ಮರಿಯಯ್ಯನಲ್ಲ. ನಮ್ಮವ್ವ. ಅದನ್ನು ಕೊನೆಗೆ ಬರೆಯುತ್ತೇನೆ, ಈಗ ಬರೆದರೆ ಉಳಿದದ್ದನ್ನು ಬರೆಯಲಾರೆ.

ಮಾರ್ಚ್ ಒಂದರಿಂದ ಐದರವರೆಗೆ ಗಣತಿಯವರು ಹುಟ್ಟು ಸಾವು ತಿದ್ದಲು ಎರಡನೆಯ ಸಲ ಬರುತ್ತಾರೆ, ನೀನೂ ತಿರುಗಿರುತ್ತೀಯ. ಮೂರನೆಯ ತಾರೀಖು ನಮ್ಮ ಮೇಡಂ ಬಂದಾಗ ನಾನು ಕೆಳಗೆ ಹಾಲಿನಲ್ಲಿ ಕೂತಿದ್ದೆ. ಪ್ರೇಮಲೀಲಾ ಬಾಗಿಲು ತೆಗೆದಳು. ನಾನು ಅವಳಿಗೆ, "ನನ್ನನ್ನೂ ಬರೆಸಮ್ಮ" ಎಂದೆ. ಅಷ್ಟು ಹೇಳಲು ನಾನು ಬೆಳಗಿನಿಂದ ಅಭ್ಯಾಸ ಮಾಡಿದ್ದೆ ಎಂದರೆ ನೀನು ನಗುತ್ತೀಯ. ಅವಳು ನನ್ನ ಮುಖ ನೋಡಲಿಲ್ಲ. ಮೇಡಂ ಕಡೆ ತಿರುಗಿ, "ಬರ್ಕೊಳ್ಳಿ. ರುದ್ರಸ್ವಾಮಿ, ನಮ್ಮ ಮಾವ, ಎಪ್ಪತ್ಮೂರು" ಎಂದಳು. ಹುಟ್ಟಿದೂರು, ಓದು ಎಲ್ಲವನ್ನೂ ಅವಳೇ ಹೇಳಿದಳು. ಒಂದೂ ತಪ್ಪಿಲ್ಲ. ನನ್ನ ತಾಯಿಯ ಹೆಸರನ್ನೂ ಹೇಳಿದಳು, ಆ ಕಾಲಂ ಇಲ್ಲ ಎಂದು ಮೇಡಂ ನಕ್ಕರು.

ಆದರೆ ಮೇಡಂಗೆ ಪೇಚಾಟ. ಟೆರೇಸಿನ ಒಲೆಯ ಹಾಳೆ ಹೊಡೆದುಹಾಕಬೇಕು, ಒಟ್ಟು ಮೊತ್ತವೆಲ್ಲ ಬದಲಾಗುತ್ತದೆ, ಮೇಲಧಿಕಾರಿಗಳು ಬೈಯುತ್ತಾರೆ ಎಂದು ಹೆದರಿದರು. ನಾನೇ ಪಕ್ಕದಲ್ಲಿ ಕೂತು ಸರಿಮಾಡಿಕೊಟ್ಟೆ. ಯಾದವಗಿರಿಯ ಆ ಬ್ಲಾಕಿನಲ್ಲಿ ಒಂದು ಮನೆ ಕಡಿಮೆಯಾಯಿತು, ಜನ ಮಾತ್ರ ಅಷ್ಟೇ ಉಳಿದರು. ಸ್ಟೌವನ್ನು ಕೆಲಸಕ್ಕೆ ಬರುವಾಕೆಗೆ ಕೊಟ್ಟೆವು. ಅವತ್ತು ರಾತ್ರಿ ಊಟಕ್ಕೆ ಕೂತಾಗ, ನಾಳೆ ಹುರುಳಿಕಾಳಿನ ಬಸ್ಸಾರು ಮಾಡಮ್ಮ ಎಂದೆ. ಮಹಾಂತೇಶ ತಟ್ಟೆಯಿಂದ ತಲೆ ಎತ್ತಿ ನೋಡಿದ.

ಮೇ ತಿಂಗಳಲ್ಲಿ ತುಮಕೂರಿಗೆ ಹೋಗಿ ಹದಿನೈದು ದಿನ ಇದ್ದು ವಾಪಸ್ಸು ಬರುತ್ತೇನೆಂದು ಶಿವಪ್ರಕಾಶನಿಗೆ ಬರೆದಿದ್ದೇನೆ. ಬೇಸಿಗೆ ರಜೆಯಲ್ಲಿ ನಿನ್ನ ಮನೆಗೂ ಬರುತ್ತೇನೆ. ನಿಮ್ಮತ್ತೆಗೆ ತಾರೀಖು ಮೊದಲೇ ತಿಳಿಸುತ್ತೇನೆ, ಬರುವುದನ್ನೂ ಹೋಗುವುದನ್ನೂ.

ಈಗ ನಮ್ಮವ್ವನ ಮಾತು. ಎಪ್ಪತ್ತೊಂದರಲ್ಲಿ ಅಗ್ರಹಾರದ ನಮ್ಮ ಬೀದಿಯ ಗಣತಿ ನನ್ನದೇ ಆಗಿತ್ತು. ಎಲ್ಲ ಮನೆ ಮುಗಿಸಿ ಕೊನೆಗೆ ನಮ್ಮ ಮನೆಯನ್ನು ಬರೆಯಲು ಕೂತೆ. ನಾನು, ನಿಮ್ಮಮ್ಮ, ಮಹಾಂತೇಶ, ನೀನು, ಶಿವು. ನಿನಗೆ ಆಗ ಹದಿನಾಲ್ಕು, ನೀನು ಶಾಲೆಗೆ ಹೋಗಿದ್ದೆ, ಇದೆಲ್ಲ ನಿನಗೆ ಗೊತ್ತಿಲ್ಲ. ಅವ್ವ ಕಣ್ಣಿನ ಆಪರೇಷನ್ನಿಗೆಂದು ಗುಂಡ್ಲುಪೇಟೆ ಕಡೆಯಿಂದ ದೀಪಾವಳಿಯಲ್ಲಿ ಬಂದವಳು, ಐದು ತಿಂಗಳಾಗಿತ್ತು. ಕಂಬಕ್ಕೆ ಒರಗಿ ಕೂತು ನಾನು ಬರೆಯುವ ಸದ್ದು ಕೇಳುತ್ತಿದ್ದಳು. "ನನ್ನೂ ಬರ್ಕಳಪ್ಪ" ಎಂದಳು. "ನೀನು ಊರಲ್ಲಿ ಅಣ್ಣನ ಮನೇಲಿ ಬತ್ತೀಯ ಕಣವ್ವ" ಎಂದೆ. ಅಣ್ಣ ಅಲ್ಲಿ ಬರೆಸಿಲ್ಲ ಎಂದು ನನಗೆ ಗೊತ್ತಿತ್ತು. ಹಿಂದಿನ ವಾರವೇ "ಅವ್ವ ನಿನ್ನ ಹತ್ತಿರ ಇದ್ದಾಳಲ್ಲ" ಎಂದು ಅವನ ಕಾಗದ ಬಂದಿತ್ತು. ನಿಯಮವೂ ಗೊತ್ತಿತ್ತು. ಒಂದೂವರೆ ಕೋಣೆಯ ಮನೆ, ನನ್ನ ಸಂಬಳ, ನಿಮ್ಮಮ್ಮನ ಮುನಿಸು. ಬರೆದರೆ ಅವಳು ನನ್ನ ಪಾಲಿಗೇ ಉಳಿದುಬಿಡುತ್ತಾಳೆ ಎಂದು ಹೆದರಿದೆ. ಅವ್ವ ಮತ್ತೆ ಕೇಳಲಿಲ್ಲ. ಆ ಶ್ರಾವಣದಲ್ಲಿ ಅದೇ ಕಂಬದ ಪಕ್ಕದಲ್ಲಿ ತೀರಿಕೊಂಡಳು, ಊರಿಗೆ ಹೋಗಲೇ ಇಲ್ಲ.

ನಾನು ಮೆಟ್ಟಿಲ ಮೇಲೆ ಸುಮ್ಮನೆ ನಿಂತದ್ದು ಅಭಿಮಾನಕ್ಕೆ ಎಂದು ನೀವೆಲ್ಲ ತಿಳಿದಿದ್ದೀರಿ. ಅಭಿಮಾನವೂ ಇತ್ತು. ಆದರೆ ಬಾಯಿ ತೆರೆದು ಕೇಳಿದರೆ, ನಾನು ಅವ್ವನಿಗೆ ಕೊಟ್ಟ ಉತ್ತರವೇ ನನಗೂ ಸಿಗುತ್ತದೆ ಎಂದು ಹೆದರಿಕೊಂಡಿದ್ದೆ.

ಮುಂದೆ ಯಾವತ್ತಾದರೂ ಯಾರಾದರೂ ಹಳೆಯ ಹಾಳೆಗಳನ್ನು ತೆಗೆದು ನೋಡಿದರೆ, ಆ ವರ್ಷ ಅಗ್ರಹಾರದ ನಮ್ಮ ಮನೆಯಲ್ಲಿ ಐದು ಜನ ಎಂದು ನನ್ನ ಕೈಬರಹದಲ್ಲಿ ಇರುತ್ತದೆ. ನಾವು ಆರು ಜನ ಇದ್ದೆವು ರಮಾ.

ನಿನ್ನ ಅಪ್ಪ
ರುದ್ರಸ್ವಾಮಿ